ಕುವೈತ್ ಶೂನ್ ವೀಸಾ: ಪಾರ್ಲಿಮೆಂಟ್ ಇಲ್ಲ, ರೂಲ್ಸ್ ಬದಲಾಗ್ತಾನೇ ಇದೆ, ಕಾಗದದಲ್ಲಿ ಏನೇನು ನೋಡ್ಬೇಕು?

ಕೆರೆಬೀದಿ_ಮದ್ದೂರು:

ಎಲ್ಲರಿಗೂ ನಮಸ್ಕಾರ. ಮದ್ದೂರು, ಮಳವಳ್ಳಿ ಕಡೆ ಹುಡುಗರ ಪಾಸ್‌ಪೋರ್ಟು, ಅರ್ಜಿ ಕೆಲಸ ಮಾಡಿಕೊಡೋ ಸೆಂಟರ್ ಇದು. ಐಟಿಐ ಮುಗಿಸಿರೋ ಆರು ಜನಕ್ಕೆ ಕುವೈತಿಂದ ಶೂನ್ ವೀಸಾಕ್ಕೆ, ಅಂದ್ರೆ ಖಾಸಗಿ ಕಂಪನಿ ಕೆಲಸಕ್ಕೆ, ಆಫರ್ ಲೆಟರ್ ಬಂದಿದೆ. ನಾಲ್ಕು ಜನ ಎಲೆಕ್ಟ್ರಿಷಿಯನ್, ಇಬ್ಬರು ಎಸಿ ಮೆಕ್ಯಾನಿಕ್. ಸಂಬಳ 150 ದಿನಾರ್, ರೂಮು ಕಂಪನಿದು, ಊಟ ಇವರದು, ಎರಡು ವರ್ಷದ ಕರಾರು. ಬೆಂಗಳೂರಿನ ಏಜೆಂಟ್ ತಲೆಗೆ 1,20,000 ಕೇಳ್ತಾ ಇದಾನೆ. ಐದು ಜನ ಹತ್ತನೇ ಕ್ಲಾಸ್ ಪಾಸು, ಒಬ್ಬನ ಪಾಸ್‌ಪೋರ್ಟ್ ಇಸಿಆರ್, ಅಂದ್ರೆ ಕೆಲಸಕ್ಕೆ ಹೋಗೋಕೆ ವಲಸೆ ಅನುಮತಿ ಬೇಕಾದದ್ದು.

ಮನೆಯವರು ಕೇಳೋದು ಇಷ್ಟು: ಅಲ್ಲಿ ಪಾರ್ಲಿಮೆಂಟ್ ಬರಖಾಸ್ತು ಮಾಡಿದಾರಂತೆ, ಕಾನೂನು ಎಲ್ಲ ಬದಲಾಗ್ತಿದೆಯಂತೆ, ಮಧ್ಯದಲ್ಲಿ ವಾಪಸ್ ಕಳಿಸಿಬಿಟ್ರೆ ಏನ್ ಗತಿ? ಊರಿಗೆ ಬರೋಕೂ ಕಂಪನಿ ಪರ್ಮಿಷನ್ ಬೇಕಂತೆ, ನಿಜಾನಾ? ಸಹಿ ಹಾಕೋ ಮುಂಚೆ ಯಾವ ಯಾವ ಕಾಗದ ನೋಡ್ಬೇಕು? "ಹುಷಾರು" ಅಂತ ಹೇಳಿ ಬಿಡಬೇಡಿ, ಹುಷಾರು ಅನ್ನೋದು ಎಲ್ಲರಿಗೂ ಗೊತ್ತು. ಎಲ್ಲಿ ನೋಡ್ಬೇಕು, ಏನು ಕೇಳ್ಬೇಕು ಅಂತ ಹೇಳಿ.

ಫರ್ವಾನಿಯಾ_ಕೆಆರ್‌ಪೇಟೆ:

ಮೊದಲು ರಾಜಕೀಯದ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಊರಲ್ಲಿ ಅದನ್ನ ತಪ್ಪಾಗಿ ಅರ್ಥ ಮಾಡ್ಕೊಂಡಿದಾರೆ. ಬೀದೀಲಿ ಗಲಾಟೆ ಏನೂ ಇಲ್ಲ. ಸಂಸತ್ತಿಗೂ ಸರ್ಕಾರಕ್ಕೂ ವರ್ಷಗಟ್ಟಲೆ ಜಟಾಪಟಿ ನಡೀತು. 2020ರ ಡಿಸೆಂಬರ್, 2022ರ ಸೆಪ್ಟೆಂಬರ್, 2023ರ ಜೂನ್, 2024ರ ಏಪ್ರಿಲ್, ಇಷ್ಟು ಬೇಗ ಬೇಗ ನಾಲ್ಕು ಚುನಾವಣೆ ಆದ್ವು. 2022ರ ಚುನಾವಣೆಯನ್ನಂತೂ ಅಲ್ಲಿನ ಸಂವಿಧಾನ ನ್ಯಾಯಾಲಯವೇ ರದ್ದು ಮಾಡಿತು. ಕೊನೆಗೆ 2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಸಂಸತ್ತನ್ನ ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನ ಗರಿಷ್ಠ ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟರು.

ಕೂಲಿಗೆ ಬಂದವರಿಗೆ ಇದರಿಂದ ಏನಾಯ್ತು? ಮುಂಚೆ ವರ್ಷಾನುಗಟ್ಟಲೆ ಚರ್ಚೆಯಲ್ಲೇ ಕೊಳೀತಿದ್ದ ಮಸೂದೆಗಳು ಈಗ ಸುಗ್ರೀವಾಜ್ಞೆ ಥರ ಸೀದಾ ಹೊರಗೆ ಬರ್ತಾವೆ. ಗೆಜೆಟ್ ಭಾನುವಾರ ಬರುತ್ತೆ, ಜಾರಿ ದಿನಾಂಕ ಅದರಲ್ಲೇ ಇರುತ್ತೆ. ಕಾನೂನು ಕೂಡ ಬೇಡ, ಎಷ್ಟೋ ಸಲ ಮಂತ್ರಿಯ ಒಂದು ಆದೇಶ ಸಾಕು. 1959ರಿಂದ ಇದ್ದ ವಾಸಪರವಾನಗಿ ಕಾನೂನನ್ನ ಎತ್ತಿ ಹಾಕಿ 2024ರ 114ನೇ ಆಜ್ಞೆ ತಂದ್ರು, ಅದು 2025ರ ಜನವರಿ 5ರಿಂದ ಜಾರಿ. ಹೀಗೆ ಬರೋದೆಲ್ಲ ಕೆಟ್ಟದ್ದೇ ಅಂತಲ್ಲ. ದುಡ್ಡು ತಗೊಂಡು ವೀಸಾ ಮಾರೋರಿಗೆ ಈಗ ಮೂರರಿಂದ ಐದು ವರ್ಷ ಜೈಲು, 5,000ದಿಂದ 10,000 ದಿನಾರ್ ದಂಡ ಇದೆ. ಆದ್ರೆ ಅವಧಿ ಮೀರಿದ್ರೆ ಕೆಲಸಗಾರನ ಮೇಲೆ ಬೀಳೋ ದಂಡಾನೂ ಏರಿತು: ಮೊದಲ ತಿಂಗಳು ದಿನಕ್ಕೆ 2 ದಿನಾರ್, ಆಮೇಲೆ ದಿನಕ್ಕೆ 4, ಶೂನ್ ವೀಸಾದವರಿಗೆ 1,200ರವರೆಗೆ. 150 ಸಂಬಳದವನು ಇಖಾಮಾ (ವಾಸಪರವಾನಗಿ) ರಿನ್ಯೂ ಆಗದೆ ಎರಡು ತಿಂಗಳು ಸುಮ್ಮನೆ ಕೂತ್ರೆ 180 ದಿನಾರ್ ತಲೆ ಮೇಲೆ. ರಿನ್ಯೂ ಮಾಡಿಸ್ಬೇಕಾದ್ದು ಕಂಪನಿ. ಸಿಸ್ಟಂನಲ್ಲಿ ದಂಡ ಏರೋದು ಮಾತ್ರ ಇವನ ಸಿವಿಲ್ ಐಡಿ (ಅಲ್ಲಿನ ಗುರುತಿನ ಚೀಟಿ) ಮೇಲೆ.

ಇನ್ನು ಕಾಗದ. ವೀಸಾ ಪ್ರತಿ ಬಂದ ಕೂಡಲೇ ಆರ್ಟಿಕಲ್ ನಂಬರ್ ನೋಡಿ. 18 ಅಂದ್ರೆ ಖಾಸಗಿ ಕಂಪನಿ, ಇಲ್ಲಿ ನಮ್ಮವರೆಲ್ಲ ಶೂನ್ ಅನ್ನೋದು ಅದನ್ನೇ. 20 ಅಂದ್ರೆ ಖಾದಿಮ್, ಮನೆಗೆಲಸ. 17 ಸರ್ಕಾರಿ. "20ರಲ್ಲಿ ಬನ್ನಿ, ಬಂದ ಮೇಲೆ 18 ಮಾಡ್ಕೊಡ್ತೀವಿ" ಅಂತ ಯಾರಾದ್ರೂ ಅಂದ್ರೆ ಫೈಲ್ ಅಲ್ಲೇ ಮುಚ್ಚಿ. 20ರಿಂದ 18ಕ್ಕೆ ಬದಲಾಯಿಸೋಕೆ 2024ರ ಜುಲೈ 14ರಿಂದ ಸೆಪ್ಟೆಂಬರ್ 12ರವರೆಗೆ ಮಾತ್ರ ಬಾಗಿಲು ತೆಗೆದಿದ್ರು. ಅದಕ್ಕೂ ಒಂದು ವರ್ಷ ಸರ್ವಿಸ್ ಆಗಿರ್ಬೇಕು, ಕಫೀಲ್, ಅಂದ್ರೆ ವೀಸಾ ಕೊಟ್ಟ ಮಾಲೀಕನ ಒಪ್ಪಿಗೆ ಬೇಕು, ಮೇಲೆ 50 ದಿನಾರ್ ಫೀಸು. ಗಡುವು ಮುಗೀತು, ಬಾಗಿಲು ಮುಚ್ಚಿತು. ಮತ್ತೆ ಯಾವಾಗ ತೆಗೀತಾರೆ ಅನ್ನೋದು ಏಜೆಂಟ್‌ಗೂ ಗೊತ್ತಿಲ್ಲ, ಇಲ್ಲಿರೋ ನಮಗೂ ಗೊತ್ತಿಲ್ಲ.

18 ಆದ್ರೂ ಇನ್ನೊಂದು ಪ್ರಶ್ನೆ ಉಂಟು: ಯಾವ ಫೈಲ್? ಮಾಮೂಲಿ ಕಂಪನಿ ಫೈಲಾ, ಸಣ್ಣ ಉದ್ಯಮದ ಫೈಲಾ, ಸರ್ಕಾರಿ ಗುತ್ತಿಗೆ ಫೈಲಾ? ಕೊನೆಯ ಎರಡರಲ್ಲಿ ಬೇರೆ ಕಂಪನಿಗೆ ವರ್ಗ ಆಗೋದು ಕಷ್ಟ, ಗುತ್ತಿಗೆ ಫೈಲಾದ್ರೆ ಪ್ರಾಜೆಕ್ಟ್ ಮುಗಿದಾಗ ತಾಪತ್ರಯ. ಕಂಪನಿಯ ಮಂದೂಬ್‌ಗೆ (ಸರ್ಕಾರಿ ಕಾಗದದ ಕೆಲಸ ನೋಡೋ ಪ್ರತಿನಿಧಿ) ಒಂದು ವಾಟ್ಸಾಪ್ ಹಾಕಿ ಕೇಳಿದ್ರೆ ಸಾಕು. ಉತ್ತರ ಕೊಡೋಕೆ ತಡವರಿಸಿದ್ರೆ ಅದೂ ಒಂದು ಉತ್ತರಾನೇ.

ಬನ್ನಿಮಂಟಪ_ಬಾಬು:

ಕಫಾಲಾ ಪದ್ಧತಿ (ಕೆಲಸಗಾರನ ವೀಸಾ ಮಾಲೀಕನ ಕೈಲಿರೋದು) ಗಲ್ಫ್‌ನಲ್ಲಿ ಈಗ ಎಲ್ಲಾ ಕಡೆ ತೆಗೆದಾಯ್ತಲ್ಲ. ಎಕ್ಸಿಟ್ ಪರ್ಮಿಟ್ ಎಲ್ಲ ಹಳೇ ಕಾಲದ್ದು. ಸುಮ್ನೆ ಹೆದರಿಸಬೇಡಿ ಹುಡುಗ್ರನ್ನ.

ಫರ್ವಾನಿಯಾ_ಕೆಆರ್‌ಪೇಟೆ:

ಬಾಬು ಅಣ್ಣ, ನೀವು ಹೇಳ್ತಿರೋದು ಕತಾರ್ ಸುದ್ದಿ. ಅಲ್ಲಿ ಎಕ್ಸಿಟ್ ಪರ್ಮಿಟ್ಟನ್ನ ಬಹುಪಾಲು ಕಾರ್ಮಿಕರಿಗೆ 2018ರಲ್ಲಿ, ಮನೆಗೆಲಸದವರಿಗೆ 2020ರಲ್ಲಿ ತೆಗೆದ್ರು. ಕೆಲಸ ಬದಲಾಯಿಸೋಕೆ ಬೇಕಾಗಿದ್ದ ಎನ್‌ಒಸಿಯೂ 2020ರಲ್ಲಿ ಹೋಯ್ತು. 2021ರ ಮಾರ್ಚಿಂದ 1,000 ರಿಯಾಲ್ ಕನಿಷ್ಠ ವೇತನ ಬಂತು. ಸೌದಿಯಲ್ಲೂ 2021ರ ಮಾರ್ಚ್ 14ರಿಂದ ಸ್ವಲ್ಪ ಸಡಿಲ ಆಯ್ತು. ಕುವೈತ್ ಹೋಗಿದ್ದು ಉಲ್ಟಾ ದಿಕ್ಕಿಗೆ. 2025ರ ಜುಲೈ 1ರಿಂದ 18ನೇ ಆರ್ಟಿಕಲ್‌ನವರೆಲ್ಲ ದೇಶ ಬಿಡೋ ಮುಂಚೆ ಎಕ್ಸಿಟ್ ಪರ್ಮಿಟ್ ತಗೊಳ್ಳಲೇಬೇಕು. ಅಲ್ಲಿವರೆಗೆ ಖಾಸಗಿ ಕಂಪನಿಯವರಿಗೆ ಈ ಕಾಟ ಇರಲಿಲ್ಲ.

ವಿಧಾನ ಹೀಗೆ. ಕೆಲಸಗಾರ ಅಲ್ಲಿನ ಸರ್ಕಾರಿ ಸೇವೆಗಳ ಸಹೇಲ್ ಆ್ಯಪ್‌ನಲ್ಲೋ ಮ್ಯಾನ್‌ಪವರ್ ಪ್ರಾಧಿಕಾರದ ಕಾರ್ಮಿಕರ ಪೋರ್ಟಲ್‌ನಲ್ಲೋ ಹೋಗೋ ದಿನ, ಯಾವ ದಾರಿ ಅಂತ ಹಾಕಿ ಅರ್ಜಿ ಕಳಿಸ್ಬೇಕು. ಅದು ಕಂಪನಿಯ ಖಾತೆಗೆ ಹೋಗುತ್ತೆ, ಅವರು ಒಪ್ಪಿದ್ರೆ ಪರ್ಮಿಟ್ ಬರುತ್ತೆ. ಎಡವೋದು ಮೂರು ಕಡೆ. ಒಂದು, ಫೋನ್ ನಂಬರ್ ಬದಲಾಯಿಸಿ ಸಿವಿಲ್ ಐಡಿಯ ಮೊಬೈಲ್ ಆ್ಯಪ್ ಸತ್ತುಹೋಗಿರುತ್ತೆ, ಸಹೇಲ್ ಒಳಗೆ ಹೋಗೋಕೇ ಆಗಲ್ಲ. ಎರಡು, ಟಿಕೆಟ್ ಮೊದಲು ಬುಕ್ ಮಾಡಿ ಆಮೇಲೆ ಪರ್ಮಿಟ್ ಕೇಳ್ತಾರೆ, ದಿನಾಂಕ ತಾಳೆ ಆಗಲ್ಲ. ಮೂರು, ಊರಲ್ಲಿ ಸಾವು ಅಂತ ಗುರುವಾರ ರಾತ್ರಿ ಫೋನ್ ಬರುತ್ತೆ. ಶುಕ್ರವಾರ ಶನಿವಾರ ಆಫೀಸ್ ರಜ, ಮಂದೂಬ್ ಫೋನ್ ಎತ್ತಲ್ಲ. ಅದಕ್ಕೇ ಈ ಹುಡುಗರು ಸೇರೋ ಹೊತ್ತಲ್ಲೇ ಕೇಳಿಡಬೇಕು: ರಜಾ ದಿನ ಎಕ್ಸಿಟ್ ಒಪ್ಪಿಗೆ ಕೊಡೋ ಅಧಿಕಾರ ಯಾರ ಕೈಲಿದೆ, ಅವರ ನಂಬರ್ ಯಾವುದು. ಸಕಾರಣ ಇಲ್ಲದೆ ತಡೆದ್ರೆ ಮ್ಯಾನ್‌ಪವರ್‌ನ ಕಾರ್ಮಿಕ ಸಂಬಂಧ ವಿಭಾಗಕ್ಕೆ ದೂರು ಕೊಡಬಹುದು. ಆದ್ರೆ ಆ ದೂರು ಅವತ್ತಿನ ರಾತ್ರಿ ವಿಮಾನಕ್ಕೆ ಹತ್ತಿಸಲ್ಲ.

ಹೆಬ್ಬಾಳ_ಎಚ್‌ಆರ್:

ಇಂಡಿಯಾ ಕಡೆಯ ಕೆಲಸ ನಾನು ಹೇಳ್ತೀನಿ.

1,20,000 ಅನ್ನೋದೇ ಕಾನೂನುಬಾಹಿರ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ ತಗೊಳ್ಳಬಹುದಾದ್ದು ಗರಿಷ್ಠ 30,000, ಮೇಲೆ 18% ಜಿಎಸ್‌ಟಿ, ಅಲ್ಲಿಗೆ 35,400. ಅದೂ ಬ್ಯಾಂಕ್ ಮೂಲಕ, ರಸೀದಿ ಸಮೇತ. "ವೀಸಾ ಚಾರ್ಜ್ ಬೇರೆ, ಕಂಪನಿಗೆ ಕೊಡಬೇಕು" ಅಂದ್ರೆ ನೆನಪಿರಲಿ, ಮೇಲೆ ಹೇಳಿದ ಹೊಸ ಕಾನೂನಿನ ಪ್ರಕಾರ ಅದು ಅಲ್ಲೇ ಅಪರಾಧ. ಕುವೈತ್ 2024ರ ಜೂನ್ 1ರಿಂದ ಹೊರಗಿಂದ ಹೊಸಬರನ್ನ ಕರೆಸೋಕೆ 150 ದಿನಾರ್ ಹೆಚ್ಚುವರಿ ಶುಲ್ಕ ಹಾಕಿದೆ. ಅದು ಮಾಲೀಕ ಕಟ್ಟೋ ಶುಲ್ಕ. ಎಷ್ಟೋ ಏಜೆಂಟರು ಅದನ್ನೇ ಹುಡುಗರ ತಲೆಗೆ ಕಟ್ಟಿ "ಸರ್ಕಾರಿ ಫೀಸು" ಅಂತಾರೆ. ಇದೇ ನಿಯಮದಲ್ಲಿ ಇನ್ನೊಂದು ಅಂಶ ಇದೆ, ಹುಡುಗರಿಗೆ ಹೇಳಿ: ಹೀಗೆ ಬಂದವನು ಮೂರು ವರ್ಷಕ್ಕಿಂತ ಮುಂಚೆ ಬೇರೆ ಕಂಪನಿಗೆ ಹೋಗ್ಬೇಕಂದ್ರೆ 300 ದಿನಾರ್ ಶುಲ್ಕ, ಮೇಲೆ ಹಳೇ ಮಾಲೀಕನ ಒಪ್ಪಿಗೆ. ಕರಾರು ಎರಡು ವರ್ಷದ್ದು, ಬೀಗ ಮೂರು ವರ್ಷದ್ದು. "ಹೋಗಿ ನೋಡೋಣ, ಸರಿ ಇಲ್ದಿದ್ರೆ ಅಲ್ಲೇ ಬೇರೆ ಕಂಪನಿ ಹಿಡಿಯೋಣ" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಏಜೆಂಟ್ ಲೈಸೆನ್ಸ್ ನೋಡೋದು ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ. ಹೆಸರು ಪಟ್ಟಿಯಲ್ಲಿದ್ರೆ ಸಾಲದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಅಮಾನತಾಗಿದೆಯಾ ಅಂತಲೂ ನೋಡಿ. ಪಟ್ಟಿಯಲ್ಲಿರೋ ವಿಳಾಸಕ್ಕೂ ಇವನು ಕೂತಿರೋ ಆಫೀಸಿಗೂ ತಾಳೆ ಆಗ್ಬೇಕು. "ಆ ಕಂಪನಿಯ ಮಂಡ್ಯ ಪ್ರತಿನಿಧಿ" ಅನ್ನೋ ಸಬ್ ಏಜೆಂಟ್‌ಗೆ 1983ರ ವಲಸೆ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಈಗ ಇಸಿಆರ್ ವಿಷಯ. ಇದನ್ನ ಜನ ತಲೆಕೆಳಗಾಗಿ ಅರ್ಥ ಮಾಡ್ಕೋತಾರೆ. ಇಸಿಆರ್ ಇರೋ ಆ ಒಬ್ಬ ಹುಡುಗನೇ ಹೆಚ್ಚು ರಕ್ಷಣೆ ಇರೋನು. ಅವನು ಕುವೈತಿಗೆ ಕೆಲಸಕ್ಕೆ ಹೋಗ್ಬೇಕಾದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಅದಕ್ಕೆ ಮಾಲೀಕ ಇ-ಮೈಗ್ರೇಟ್‌ನಲ್ಲಿ ನೋಂದಣಿ ಆಗಿರ್ಬೇಕು, ಕರಾರು ಅಪ್‌ಲೋಡ್ ಆಗ್ಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆ ತಗೊಳ್ಳಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಕ್ಲಿಯರೆನ್ಸ್ ಶುಲ್ಕ 200 ರೂಪಾಯಿ ಅಷ್ಟೆ. ಬೆಂಗಳೂರಲ್ಲೇ ವಲಸೆ ಸಂರಕ್ಷಣಾಧಿಕಾರಿ ಕಚೇರಿ ಇದೆ, ಮೊದಲಿನ ಹಾಗೆ ಚೆನ್ನೈಗೆ ಓಡ್ಬೇಕಿಲ್ಲ.

ಹತ್ತನೇ ಕ್ಲಾಸ್ ಪಾಸಾದ ಐದು ಜನಕ್ಕೆ ಇದ್ಯಾವುದೂ ಕಡ್ಡಾಯ ಅಲ್ಲ. ಅಂದ್ರೆ ಅವರ ಕರಾರನ್ನ ಇಲ್ಲಿ ಯಾರೂ ನೋಡಲ್ಲ. ಇಸಿಆರ್ ಹುಡುಗನ ಹೆಸರಲ್ಲಿ ಅಪ್‌ಲೋಡ್ ಆದ ಕರಾರಿನ ಪ್ರತಿ ತಗೊಂಡು ಉಳಿದ ಐದರ ಜೊತೆ ಇಟ್ಟು ನೋಡಿ. ಒಂದೇ ಕಂಪನಿ, ಒಂದೇ ಕೆಲಸ, ಆದ್ರೂ ಅಂಕಿ ಬೇರೆ ಇದ್ರೆ ಅಲ್ಲೇ ಸಿಕ್ಕಿಬೀಳ್ತಾರೆ. "ಇಸಿಆರ್ ಹುಡುಗನನ್ನ ವಿಸಿಟ್ ವೀಸಾದಲ್ಲಿ ಕಳಿಸೋಣ, ಬೇಗ ಆಗುತ್ತೆ" ಅಂತ ಏಜೆಂಟ್ ಹೇಳೇ ಹೇಳ್ತಾನೆ. ಆ ವೀಸಾದಲ್ಲಿ ದುಡಿಯೋದು ಅಪರಾಧ, ಅವಧಿ ಮೀರಿದ್ರೆ ದಿನಕ್ಕೆ 10 ದಿನಾರ್ ದಂಡ.

ಪ್ರಮಾಣಪತ್ರ: ಒಂದೇ ಮುದ್ರೆಗೆ ದೇಶಗಳು ಪರಸ್ಪರ ದಾಖಲೆ ಒಪ್ಪೋ ಅಪಾಸ್ಟಿಲ್ ಒಪ್ಪಂದದಲ್ಲಿ ಕುವೈತ್ ಇಲ್ಲ. ಹಾಗಾಗಿ ಐಟಿಐ ಸರ್ಟಿಫಿಕೇಟಿಗೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ದೆಹಲಿಯ ಕುವೈತ್ ರಾಯಭಾರ ಕಚೇರಿ, ಈ ಕ್ರಮದಲ್ಲೇ ಮುದ್ರೆ ಬೀಳ್ಬೇಕು. ಅಪಾಸ್ಟಿಲ್ ಸ್ಟಿಕರ್ ಹಚ್ಚಿಸಿಕೊಂಡು ಬಂದ್ರೆ ದುಡ್ಡು ದಂಡ. ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು, ಊರಿನ ಹೆಸರು ಇನಿಷಿಯಲ್ ಬಿಡಿಸಿ ಹೇಗಿದೆಯೋ ಸರ್ಟಿಫಿಕೇಟಿನಲ್ಲೂ ಹಾಗೇ ಇದೆಯಾ ನೋಡಿ. ನಮ್ಮ ಕಡೆ ಅರ್ಧ ಫೈಲು ತಿರುಗಿ ಬರೋದು ಇದಕ್ಕೇ. ಹೆಸರು ತಿದ್ದಿಸೋದಿದ್ರೆ ಮೈಸೂರಿನ ಮೇಟಗಳ್ಳಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ಮರುವಿತರಣೆ ಅರ್ಜಿ ಹಾಕಬಹುದು.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ. ಮೆಡಿಕಲ್ ವಫೀದ್‌ನಲ್ಲಿ (ಗಲ್ಫ್ ದೇಶಗಳ ಮೆಡಿಕಲ್ ಬುಕಿಂಗ್ ವೆಬ್‌ಸೈಟ್) ಬುಕ್ ಮಾಡಿದ ಕೇಂದ್ರದಲ್ಲಿ ಮಾತ್ರ. ಅದಕ್ಕೆ ಅವಧಿ ಇದೆ, ವೀಸಾ ಪ್ರತಿ ಕೈಗೆ ಬರೋ ಮುಂಚೆ ಮಾಡಿಸಿದ್ರೆ ಎರಡನೇ ಸಲ ದುಡ್ಡು ಕಟ್ಬೇಕಾಗುತ್ತೆ. ಎದೆ ಎಕ್ಸ್‌ರೇಯಲ್ಲಿ ಹಳೇ ಟಿಬಿಯ ಕಲೆ ಕಂಡ್ರೂ ಅನ್‌ಫಿಟ್ ಮಾಡ್ತಾರೆ. ಕಾಯಿಲೆ ವಾಸಿಯಾಗಿ ಹತ್ತು ವರ್ಷ ಆಗಿದ್ರೂ ಅಷ್ಟೇ. ಅಂಥವರು ಏಜೆಂಟ್‌ಗೆ ಮುಂಗಡ ಕೊಡೋ ಮುಂಚೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡ್ಕೊಳ್ಳಲಿ.

ಕೆರೆಬೀದಿ_ಮದ್ದೂರು:

ಎಚ್‌ಆರ್ ಸರ್, ಇಸಿಆರ್ ಹುಡುಗನ ಕರಾರಿನ ಜೊತೆ ತಾಳೆ ನೋಡೋ ಉಪಾಯ ಚೆನ್ನಾಗಿದೆ. ಆಫರ್ ಲೆಟರ್ ಮತ್ತೆ ಓದಿದೆ. "ಬೇಸಿಕ್ 90, ಅಲೋಯನ್ಸ್ 60, ಒಟ್ಟು 150" ಅಂತಿದೆ. ಡ್ಯೂಟಿ 10 ಗಂಟೆ, "ಓಟಿ ಕಂಪನಿ ನಿಯಮದಂತೆ". ಇದು ಸರಿನಾ? ಇನ್ನೊಂದು, ನಮ್ಮ ಇಂಡಿಯಾದ ಹೊಸ ಲೇಬರ್ ಕೋಡ್ ಇವರಿಗೆ ಏನಾದ್ರೂ ಉಪಯೋಗಕ್ಕೆ ಬರುತ್ತಾ ಅಂತ ಒಬ್ಬರ ತಂದೆ ಕೇಳ್ತಿದ್ರು.

ಕೋರ್ಟ್‌ರಸ್ತೆ_ಮೈಸೂರು:

ಎರಡನೇದಕ್ಕೆ ಮೊದಲು: ಬರಲ್ಲ. ನಮ್ಮ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ಆದರೆ ಅವು ಇಲ್ಲಿನ ಉದ್ಯೋಗಕ್ಕೆ. ಕುವೈತಿನ ಮಾಲೀಕ ಕುವೈತಿನ ನೆಲದಲ್ಲಿ ಕೊಡುವ ಕೆಲಸಕ್ಕೆ ಅಲ್ಲಿನ 2010ರ 6ನೇ ಕಾನೂನು. ಸಂಸತ್ತು ಹೋದರೂ ಈ ಕಾನೂನು ಹೋಗಿಲ್ಲ, ಹುಡುಗರ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಬದಲಾಗುತ್ತಿರುವುದು ಹೆಚ್ಚಾಗಿ ವೀಸಾ, ವಾಸ, ವರ್ಗಾವಣೆಯ ನಿಯಮಗಳು.

ಈ ಆಫರಿನಲ್ಲಿ ಮೂರು ತಕರಾರು ಕಾಣುತ್ತಿದೆ.

10 ಗಂಟೆ ಡ್ಯೂಟಿ: ಕಾನೂನಿನ ಮಿತಿ ದಿನಕ್ಕೆ 8, ವಾರಕ್ಕೆ 48 ಗಂಟೆ. ರಂಜಾನ್‌ನಲ್ಲಿ ವಾರಕ್ಕೆ 36. ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಒಂದು ಗಂಟೆ ಬಿಡುವು ಕೊಡಬೇಕು, ಆ ಒಂದು ಗಂಟೆ ಡ್ಯೂಟಿ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ "10" ಎಂದು ಬರೆದಿದ್ದರೆ ಬಿಡುವು ಸೇರಿಸಿಯೋ ಬಿಟ್ಟೋ ಎಂದು ಕೇಳಿ. ಬಿಟ್ಟು 10 ಆದರೆ ಎರಡು ಗಂಟೆ ಓಟಿ. ಓಟಿ ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 180 ಗಂಟೆ ಮೀರಬಾರದು. ದಿನವೂ ಎರಡು ಗಂಟೆ ದುಡಿಸಿದರೆ 90 ದಿನಕ್ಕೇ ವರ್ಷದ ಮಿತಿ ಮುಗಿಯುತ್ತದೆ. ಓಟಿ ದರ ಕಂಪನಿಯ ಇಷ್ಟವಲ್ಲ. ಮಾಮೂಲಿ ದಿನ 25% ಹೆಚ್ಚು, ವಾರದ ರಜೆಯಲ್ಲಿ ಕರೆದರೆ 50% ಹೆಚ್ಚು ಮತ್ತು ಬದಲಿ ರಜೆ, ಸರ್ಕಾರಿ ರಜೆಯಲ್ಲಿ ಎರಡು ಪಟ್ಟು ಮತ್ತು ಬದಲಿ ರಜೆ. 150 ದಿನಾರಿಗೆ ಲೆಕ್ಕ: 26ರಿಂದ ಭಾಗಿಸಿ, 8ರಿಂದ ಭಾಗಿಸಿ, ಗಂಟೆಗೆ 721 ಫಿಲ್ಸ್ (ಸಾವಿರ ಫಿಲ್ಸ್ ಅಂದರೆ ಒಂದು ದಿನಾರ್). ಓಟಿ ಗಂಟೆಗೆ 901 ಫಿಲ್ಸ್.

90 ಮತ್ತು 60 ಎಂದು ಒಡೆದಿರುವುದು: ಅಸಲು ಕಳ್ಳತನ ಇರುವುದು ಇಲ್ಲೇ. ಮ್ಯಾನ್‌ಪವರ್ ಪ್ರಾಧಿಕಾರ ಕೊಡುವ ವರ್ಕ್ ಪರ್ಮಿಟ್ಟಿನಲ್ಲಿ, ಅಂದರೆ ಇಝ್ನ್ ಅಮಲ್‌ನಲ್ಲಿ, ಒಂದು ಸಂಬಳದ ಅಂಕಿ ಇರುತ್ತದೆ. ಅಲ್ಲಿ 90 ಎಂದು ಬರೆಸಿ ಕೈಗೆ 150 ಕೊಡುತ್ತಾರೆ. ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಜಗಳ ಬಂದ ದಿನ ಕಂಪನಿ ತೋರಿಸುವುದು 90ರ ಕಾಗದ. ಆಫರ್ ಲೆಟರ್, ಅರಬ್ಬಿ ಕರಾರು, ವರ್ಕ್ ಪರ್ಮಿಟ್, ಈ ಮೂರರಲ್ಲೂ 150 ಇರಬೇಕು, ಬ್ಯಾಂಕ್ ಖಾತೆಗೂ 150 ಬೀಳಬೇಕು. ಸಂಬಳವನ್ನು ಅಲ್ಲಿನ ಬ್ಯಾಂಕ್ ಖಾತೆಗೆ ಹಾಕುವುದು ಕಾನೂನಿನಲ್ಲೇ ಇದೆ. ಸ್ವಲ್ಪ ಬ್ಯಾಂಕಿಗೆ, ಸ್ವಲ್ಪ ಕವರಿನಲ್ಲಿ ಎಂದರೆ ಕವರಿನದಕ್ಕೆ ಸಾಕ್ಷಿ ಇಲ್ಲ.

ಮೂರನೇದು ಭಾಷೆ. ಕರಾರು ಅರಬ್ಬಿಯಲ್ಲಿರುತ್ತದೆ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇರಬಹುದು. ವ್ಯತ್ಯಾಸ ಬಂದರೆ ನಿಲ್ಲುವುದು ಅರಬ್ಬಿ. ಸಹಿಗೆ ಮುಂಚೆ ಅರಬ್ಬಿ ಓದಬಲ್ಲವರಿಂದ ನಾಲ್ಕೇ ಸಾಲು ಓದಿಸಿ: ಹುದ್ದೆ, ಸಂಬಳ, ಅವಧಿ, ಕೆಲಸದ ಗಂಟೆ. ಮೈಸೂರಲ್ಲಿ ಉದಯಗಿರಿ, ಮಂಡಿ ಮೊಹಲ್ಲಾ ಕಡೆ ಅರಬ್ಬಿ ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ, ಅದಕ್ಕೆ ಬೆಂಗಳೂರಿನ ಟ್ರಾನ್ಸ್‌ಲೇಶನ್ ಆಫೀಸೇ ಬೇಕೆಂದಿಲ್ಲ. ಅಂಕಿಗಳೂ ಅರಬ್ಬಿ ಲಿಪಿಯಲ್ಲಿರುತ್ತವೆ. ಸೊನ್ನೆ ಅಲ್ಲಿ ಬರೀ ಚುಕ್ಕೆ, ಐದು ನಮ್ಮ ಸೊನ್ನೆಯಂತೆ ದುಂಡಗೆ ಕಾಣುತ್ತದೆ. 150 ಎಂಬುದನ್ನು ಹೇಗೆ ಬರೆಯುತ್ತಾರೆಂದು ಆರು ಹುಡುಗರಿಗೂ ಒಂದು ಚೀಟಿಯಲ್ಲಿ ಬರೆದು ಕೊಡಿ.

ಇನ್ನು ಸರ್ವಿಸ್ ದುಡ್ಡು, ಅಂದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ. ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದು, ಒಟ್ಟು ಒಂದೂವರೆ ವರ್ಷದ ಸಂಬಳ ಮೀರಬಾರದು. ಏಳು ವರ್ಷ ದುಡಿದವನ ಲೆಕ್ಕ ನೋಡಿ. 150ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 86.538. ಐದು ವರ್ಷಕ್ಕೆ 432.692, ಇನ್ನೆರಡು ವರ್ಷಕ್ಕೆ 300, ಒಟ್ಟು 732.692 ದಿನಾರ್. ಕೆಲವು ಕಂಪನಿಗಳು 30ರಿಂದ ಭಾಗಿಸುತ್ತವೆ, ಆಗ 675ಕ್ಕೆ ಇಳಿಯುತ್ತದೆ. ಪರ್ಮಿಟ್ಟಿನಲ್ಲಿ 90 ಎಂದಿದ್ದರೆ ಅದೇ ಏಳು ವರ್ಷಕ್ಕೆ 26ರ ಲೆಕ್ಕದಲ್ಲೇ 439.615 ಮಾತ್ರ.

ಅವಧಿ ನಮೂದಿಸದ ಕರಾರಿನಲ್ಲಿ ತಾನೇ ರಾಜೀನಾಮೆ ಕೊಟ್ಟವನಿಗೆ ಮೂರು ವರ್ಷ ತುಂಬದಿದ್ದರೆ ಇದರಲ್ಲಿ ಏನೂ ಇಲ್ಲ, ಐದು ವರ್ಷದೊಳಗೆ ಅರ್ಧ, ಹತ್ತರೊಳಗೆ ಮೂರರಲ್ಲಿ ಎರಡು ಪಾಲು, ಹತ್ತು ದಾಟಿದರೆ ಪೂರ್ತಿ. ನೋಟಿಸ್ ಮೂರು ತಿಂಗಳು, ಪ್ರೊಬೇಷನ್ 100 ದಿನ. ಮಾಲೀಕ ಕರಾರು ಮುರಿದಿದ್ದರೆ, ಕೈ ಮಾಡಿದರೆ, ಕೆಲಸದ ವಿಷಯದಲ್ಲಿ ಮೋಸ ಮಾಡಿ ಕರೆಸಿದ್ದರೆ ನೋಟಿಸ್ ಇಲ್ಲದೆ ಬಿಡಬಹುದು, ಪೂರ್ತಿ ಹಣ ಕೇಳಬಹುದು.

ದೂರು ಮೊದಲು ಮ್ಯಾನ್‌ಪವರ್‌ನ ಕಾರ್ಮಿಕ ಸಂಬಂಧ ವಿಭಾಗಕ್ಕೆ. ಅವರು ಒಂದು ತಿಂಗಳೊಳಗೆ ರಾಜಿ ಮಾಡಿಸಬೇಕು, ಆಗದಿದ್ದರೆ ಕೋರ್ಟಿಗೆ ಕಳಿಸಬೇಕು. ಕಾರ್ಮಿಕನಿಗೆ ಕೋರ್ಟ್ ಫೀಸ್ ಇಲ್ಲ. ಆದರೆ ಕೆಲಸ ಬಿಟ್ಟು ಒಂದು ವರ್ಷ ಕಳೆದರೆ ಹಕ್ಕು ಹೋಗುತ್ತದೆ. ಊರಿಗೆ ಬಂದು ಆರಾಮಾಗಿ ಎರಡು ಸುಗ್ಗಿ ಮುಗಿಸಿ ಆಮೇಲೆ ವಕೀಲರ ಹತ್ತಿರ ಬರುವವರೇ ಜಾಸ್ತಿ. ವಾಪಸ್ ಬರುವ ಮುಂಚೆ ರಾಯಭಾರ ಕಚೇರಿಯಲ್ಲಿ ಮುಖ್ತ್ಯಾರುನಾಮೆ ಮಾಡಿಟ್ಟು ಬಂದರೆ ಅಲ್ಲಿ ಒಬ್ಬರು ಮುಂದುವರಿಸಬಹುದು.

ಫರ್ವಾನಿಯಾ_ಕೆಆರ್‌ಪೇಟೆ:

ವಕೀಲ್ ಸಾಹೇಬ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸಂಬಳ ನಿಂತಾಗ ಹುಡುಗರು ಮಾಡೋ ಮೊದಲ ಕೆಲಸ ಡ್ಯೂಟಿಗೆ ಹೋಗದೆ ರೂಮಲ್ಲಿ ಕೂರೋದು, ಇಲ್ಲಾ ಇನ್ನೆಲ್ಲೋ ದಿನಗೂಲಿಗೆ ಹೋಗೋದು. ಕಂಪನಿ ಕೂಡಲೇ "ಗೈರುಹಾಜರಿ" ಅಂತ ರಿಪೋರ್ಟ್ ಹಾಕುತ್ತೆ. ಆಮೇಲೆ ದೂರು ಕೊಡೋಕೆ ಹೋದ್ರೆ ಇವನೇ ಓಡಿಹೋದವನು ಅಂತ ಆಗುತ್ತೆ. ಕ್ರಮ ಇದಲ್ಲ. ಮೊದಲು ದೂರು, ಅದರ ನಂಬರ್ ಫೋನಲ್ಲಿ ಫೋಟೋ, ಆಮೇಲೆ ಉಳಿದದ್ದು. ದೂರಿನ ದಿನಾಂಕ ರಿಪೋರ್ಟಿಗಿಂತ ಮುಂಚೆ ಇದ್ರೆ ಮಾತಾಡೋಕೆ ಜಾಗ ಇರುತ್ತೆ.

ಪಾಸ್‌ಪೋರ್ಟ್ ಕಂಪನಿ ಇಟ್ಕೊಳ್ಳೋ ಹಾಗಿಲ್ಲ, ಆದ್ರೂ "ಸೇಫ್ಟಿಗೆ" ಅಂತ ಇಟ್ಕೋತಾರೆ. ಕೊಟ್ಟರೆ ಕೊಟ್ಟ ದಿನದ ಚೀಟಿ ಬರೆಸಿಕೊಳ್ಳಿ. ಮೊದಲ ಮತ್ತು ಕೊನೆ ಪುಟ, ವೀಸಾ, ಕರಾರಿನ ಫೋಟೋ ಊರಲ್ಲಿ ಒಬ್ಬರ ಫೋನಿನಲ್ಲೂ ಇರಲಿ.

ಎಸಿ ಕೆಲಸದವರಿಗೆ: ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಔಟ್‌ಡೋರ್ ಯೂನಿಟ್ ಎಲ್ಲಾ ತಾರಸಿ ಮೇಲೇ ಇರೋದು, ಮತ್ತೆ ಎಸಿ ಕೆಡೋದೂ ಅದೇ ಹೊತ್ತಲ್ಲಿ. "ಐದೇ ನಿಮಿಷ, ಗ್ಯಾಸ್ ಚೆಕ್ ಮಾಡಿ ಬಾ" ಅಂತ ಹತ್ತಿಸ್ತಾರೆ. ತಾರಸಿಯೂ ಬಯಲೇ.

ರೂಮು ಕಂಪನಿದು ಅಂತ ಖುಷಿ ಪಡೋ ಮುಂಚೆ ಕಟ್ಟಡ ಎಲ್ಲಿದೆ, ಒಂದು ರೂಮಿಗೆ ಎಷ್ಟು ಜನ, ಅಡುಗೆ ಎಲ್ಲಿ ಅಂತ ಕೇಳಿ. 2024ರ ಜೂನ್ 12ರಂದು ಮಂಗಫ್‌ನ ಕಾರ್ಮಿಕರ ಕಟ್ಟಡದಲ್ಲಿ ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಬೆಂಕಿ ಹತ್ತಿದ್ದು ಕೆಳಗೆ, ಹೆಚ್ಚು ಜನ ಹೋಗಿದ್ದು ಮೇಲೆ ಹೊಗೆ ತುಂಬಿ. ರೂಮು ಸಿಕ್ಕಿದ ದಿನವೇ ಮೆಟ್ಟಿಲು ಹತ್ತಿ ತಾರಸಿ ಬಾಗಿಲಿಗೆ ಬೀಗ ಇದೆಯಾ, ರೂಮು ಭಾಗ ಮಾಡೋಕೆ ಪ್ಲೈವುಡ್ ತಡಿಕೆ ಹೊಡೆದಿದಾರಾ ನೋಡಲಿ. ಎಲೆಕ್ಟ್ರಿಷಿಯನ್ ಹುಡುಗರೇ ನಾಲ್ಕು ಜನ ಇದಾರಲ್ಲ, ಮೀಟರ್ ಬೋರ್ಡಿನ ಲೋಡು ಅವರ ಕಣ್ಣಿಗೇ ಗೊತ್ತಾಗುತ್ತೆ.

ಹುಣಸೂರುಸೀಮೆ:

ರಾಜಕೀಯ ಅಸ್ಥಿರತೆ ಅಂದ್ರೆ ನಮ್ಮ ಮೈಸೂರು ಜಿಲ್ಲೆಗೆ ನೆನಪಾಗ್ಬೇಕಾದ್ದು ಸೂಡಾನ್. 2023ರ ಏಪ್ರಿಲ್ 15ಕ್ಕೆ ಸೂಡಾನ್‌ನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಹೊಡೆದಾಡಿಕೊಂಡಾಗ ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡ್ರು. ಗಿಡಮೂಲಿಕೆ ಎಣ್ಣೆ ಮಾರೋಕೆ ಹೋದವರು, ಅವರಿಗೆ ಕಂಪನಿಯೂ ಇಲ್ಲ, ಕಫೀಲೂ ಇಲ್ಲ. ಆಪರೇಷನ್ ಕಾವೇರಿಯಲ್ಲಿ ಕರ್ಕೊಂಡು ಬಂದ್ರು. ಸೂಡಾನಿಗೂ ಕುವೈತಿಗೂ ಹೋಲಿಕೆ ಇಲ್ಲ, ಒಪ್ತೀನಿ. ಆದ್ರೆ ಗಲಾಟೆ ಆದ ದಿನ ರಾಯಭಾರ ಕಚೇರಿ ಮೊದಲು ತೆಗೆಯೋದು ತನ್ನ ಹತ್ರ ಇರೋ ಪಟ್ಟಿಯನ್ನೇ. ಹುಡುಗರು ಇಳಿದ ವಾರದಲ್ಲೇ ಕುವೈತಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಅಲ್ಲಿನ ಫೋನು, ರೂಮಿನ ವಿಳಾಸ, ಊರಿನ ನಂಬರ್ ನೋಂದಾಯಿಸಲಿ. ರೂಮ್ ಬದಲಾದ್ರೆ ತಿದ್ದಿಸಲಿ.

ಮನೆಯವರು ಇಲ್ಲಿಂದಲೇ ದೂರು ಹಾಕೋದಕ್ಕೆ ಮದದ್ ಪೋರ್ಟಲ್ ಇದೆ, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090 ಇದೆ. ಎರಡಕ್ಕೂ ಪಾಸ್‌ಪೋರ್ಟ್ ನಂಬರ್ ಕೈಲಿರಲಿ. ಬಹಳ ಮನೆಗಳಲ್ಲಿ ಅದೇ ಇರಲ್ಲ.

ವಾಟ್ಸಾಪಿನಲ್ಲಿ "ಕುವೈತ್ ಕ್ಷಮಾದಾನ ಘೋಷಣೆ" ಅಂತ ಹಳೇ ಸುದ್ದಿ ಪದೇ ಪದೇ ಓಡಾಡುತ್ತೆ. ನಿಜವಾಗಿ ಕೊಟ್ಟಿದ್ದು 2024ರ ಮಾರ್ಚ್ 17ರಿಂದ ಜೂನ್ 17ರವರೆಗೆ, ಆಮೇಲೆ ಜೂನ್ 30ಕ್ಕೆ ವಿಸ್ತರಿಸಿದ್ರು. ಮುಗಿದ ಕಥೆ. ಹೊಸದು ಏನಾದ್ರೂ ಬಂದ್ರೆ ಅಲ್ಲಿನ ಸರ್ಕಾರಿ ಸುದ್ದಿಸಂಸ್ಥೆ ಕುನಾದಲ್ಲಿ, ನಮ್ಮ ರಾಯಭಾರ ಕಚೇರಿ ಪುಟದಲ್ಲಿ ಇದೆಯಾ ನೋಡಿ ಆಮೇಲೆ ನಂಬಿ.

ಕೆರೆಬೀದಿ_ಮದ್ದೂರು:

ಎಲ್ಲರಿಗೂ ಧನ್ಯವಾದ. ಏಜೆಂಟ್‌ಗೆ ಫೋನ್ ಮಾಡಿ ವರ್ಕ್ ಪರ್ಮಿಟ್ ಪ್ರತಿ ಕೇಳಿದ್ದಕ್ಕೆ "ಅದು ಕಂಪನಿ ಗುಟ್ಟು, ಕೊಡಲ್ಲ" ಅಂದ. ಈಗ ಏನ್ ಮಾಡೋದು? ಇನ್ನೂ ಒಂದು, ಇದೇ ಏಜೆಂಟ್ ಒಬ್ಬ ಹುಡುಗನ ಅಕ್ಕನಿಗೆ ಮನೆಗೆಲಸದ ವೀಸಾ ಕೊಡಿಸ್ತೀನಿ ಅಂತ ಹೇಳಿದಾನೆ. ಆಕೆಗೆ 27, ಏಳನೇ ಕ್ಲಾಸು.

ಹೆಬ್ಬಾಳ_ಎಚ್‌ಆರ್:

ಅಕ್ಕನ ವಿಷಯ ಈಗಲೇ ನಿಲ್ಲಿಸಿ. ಏಳನೇ ಕ್ಲಾಸು ಅಂದ್ರೆ ಪಾಸ್‌ಪೋರ್ಟ್ ಇಸಿಆರ್. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳಿಗೆ ಕುವೈತಿನಂಥ ದೇಶಕ್ಕೆ ಕೆಲಸಕ್ಕೆ ಹೋಗೋಕೆ 30 ವರ್ಷ ತುಂಬಿರ್ಬೇಕು, ಮನೆಗೆಲಸಕ್ಕೆ ನೇಮಕ ಮಾಡ್ಕೊಳ್ಳೋದು ಸರ್ಕಾರಿ ಸಂಸ್ಥೆಗಳ ಮೂಲಕ ಮಾತ್ರ. 27ಕ್ಕೆ ಕಳಿಸ್ತೀನಿ ಅನ್ನೋನು ಒಂದೋ ವಿಸಿಟ್ ವೀಸಾ ಕೊಡ್ತಾನೆ, ಇಲ್ಲಾ ವಯಸ್ಸು ತಿದ್ದಿಸ್ತಾನೆ. ಹುಡುಗರಿಗೆ ನಿಜವಾಗಿ ಹೋಗೋ ಮನಸ್ಸಿದ್ರೆ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ, ಬೆಂಗಳೂರಲ್ಲಿ. ಅಲ್ಲೂ ಒಂದು ಸಲ ವಿಚಾರಿಸಿ.

ಕೋರ್ಟ್‌ರಸ್ತೆ_ಮೈಸೂರು:

ವರ್ಕ್ ಪರ್ಮಿಟ್ ಕಂಪನಿಯ ಗುಟ್ಟಲ್ಲ, ಹುಡುಗನ ಹೆಸರಲ್ಲೇ ಆಗುವ ಕಾಗದ. ಏಜೆಂಟ್ ಬೇಡ, ಆಫರ್ ಲೆಟರಿನಲ್ಲಿರುವ ಕಂಪನಿಯ ಇಮೇಲ್‌ಗೆ ಹುಡುಗನೇ ತನ್ನ ಪಾಸ್‌ಪೋರ್ಟ್ ನಂಬರ್ ಹಾಕಿ ಬರೆಯಲಿ: ಇಝ್ನ್ ಅಮಲ್ ಪ್ರತಿ, ಅದರಲ್ಲಿರುವ ಸಂಬಳ, ಹುದ್ದೆ, ಫೈಲ್ ವಿಧ ತಿಳಿಸಿ ಎಂದು. ವಿಳಾಸ ಕಂಪನಿಯ ಸ್ವಂತ ಡೊಮೈನಿನದೇ, ಬಿಟ್ಟಿ ಮೇಲ್ ಖಾತೆಯೇ ಎಂಬುದನ್ನೂ ಆಗಲೇ ನೋಡಿ. ಉತ್ತರ ಬರುವವರೆಗೆ ಮೆಡಿಕಲ್ ಬೇಡ, ಮುಂಗಡ ಬೇಡ, ಮುಖ್ಯವಾಗಿ ಅಸಲು ಪಾಸ್‌ಪೋರ್ಟ್ ಏಜೆಂಟ್ ಕೈಗೆ ಬೇಡ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಲಿಖಿತವಾಗಿ ವಾಪಸ್ ಕೇಳಿ, ಕೊಡದಿದ್ದರೆ ಆ ಪತ್ರದ ಪ್ರತಿ ಸಮೇತ ಸ್ಥಳೀಯ ಠಾಣೆಗೆ ಮತ್ತು ಬೆಂಗಳೂರಿನ ವಲಸೆ ಸಂರಕ್ಷಣಾಧಿಕಾರಿಗೆ, ಎರಡೂ ಕಡೆ ಕೊಡಿ. ಠಾಣೆಯಲ್ಲಿ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ.